ರೋಗಾಣುವಿನ ಗುಟ್ಟು ತಿಳಿದ ಮೇಲೆ

ನೆಗಡಿ, ಜ್ವರ ಬಂದೊಡನೆ ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ಹೀಗೆ ಅನಗತ್ಯವಾಗಿ ಬಳಸಿದಷ್ಟೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಆಗ ಹೊಸ ಔಷಧಿ ಬೇಕಾಗುತ್ತದೆ. ಆದರೆ ಅದನ್ನು ಕಂಡುಹಿಡಿಯುವುದು ಸುಲಭವೇ?

ಒಳ್ಳೆಯ ಔಷಧಿ ರೋಗಾಣುವನ್ನು ಕೊಲ್ಲಬೇಕು, ರೋಗಿಗೆ ಹಾನಿ ಮಾಡಬಾರದು. ಪೆನ್ಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ನಮ್ಮ ಜೀವಕೋಶಗಳಿಗೆ ಅಂತಹ ಗೋಡೆಯೇ ಇಲ್ಲ. ಇಂತಹ ಇನ್ನಷ್ಟು ಗುರಿಗಳನ್ನು ಹುಡುಕಲು ವಿಜ್ಞಾನಿಗಳು ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಸಂಪೂರ್ಣ ವಂಶವಾಹಿ ಬರಹವನ್ನು ಓದತೊಡಗಿದರು. 1995ರಲ್ಲಿ ಮೊದಲ ಬಾರಿಗೆ ಒಂದು ಬ್ಯಾಕ್ಟೀರಿಯಾದ ಪೂರ್ಣ ಜೀನೋಮ್ ಪ್ರಕಟವಾಯಿತು. 1998ರಲ್ಲಿ ಕ್ಷಯ ರೋಗಾಣುವಿನ ಸರದಿ ಬಂತು: ಸುಮಾರು 44 ಲಕ್ಷ ಅಕ್ಷರಗಳು, ಸುಮಾರು 4,000 ಜೀನ್‌ಗಳು.

ಇನ್ನು ಔಷಧಿಗಳ ಮಳೆಯೇ ಸುರಿಯುತ್ತದೆಂದು ಹಲವರು ಭಾವಿಸಿದರು. ಹಾಗಾಗಲಿಲ್ಲ. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪೆನಿ 1995ರಿಂದ 2001ರವರೆಗೆ, ಹೆಚ್ಚಾಗಿ ಜೀನೋಮ್ ತೋರಿಸಿದ ಗುರಿಗಳನ್ನು ಹಿಡಿದು, 70 ದೊಡ್ಡ ಶೋಧಗಳನ್ನು ನಡೆಸಿತು. ಮುಂದುವರಿಸಲು ಯೋಗ್ಯವೆನಿಸಿದ್ದು ಕೇವಲ ಐದು. ಬೀಗ ಯಾವುದೆಂದು ತಿಳಿದ ಮಾತ್ರಕ್ಕೆ ಕೀಲಿಕೈ ಸಿಗುವುದಿಲ್ಲ. ಪರೀಕ್ಷಾ ನಳಿಕೆಯಲ್ಲಿ ಗೆದ್ದ ರಾಸಾಯನಿಕ ಬ್ಯಾಕ್ಟೀರಿಯಾದ ಒಳಹೊಕ್ಕು ಅಲ್ಲಿ ಉಳಿಯಲೂ ಬೇಕಲ್ಲ!

ಬೆಲ್ಜಿಯಂನಲ್ಲಿ ಜಾನ್ಸೆನ್ ಕಂಪೆನಿಯ ಕೋಯನ್ ಆಂಡ್ರಿಸ್ ಮತ್ತು ಸಂಗಡಿಗರು ಹಿಮ್ಮುಖ ದಾರಿ ಹಿಡಿದರು. ಕ್ಷಯ ರೋಗಾಣುವಿನ ಹತ್ತಿರದ ಸಂಬಂಧಿಯಾದ, ಬೇಗ ಬೆಳೆಯುವ ಬ್ಯಾಕ್ಟೀರಿಯಾದ ಮೇಲೆ ರಾಸಾಯನಿಕಗಳನ್ನು ಪ್ರಯೋಗಿಸಿ, ಅದನ್ನು ಕೊಲ್ಲುವ ಒಂದನ್ನು ಆರಿಸಿದರು. ಅದು ಕೊಲ್ಲುವುದು ಹೇಗೆ? ಔಷಧಿಗೂ ಸಾಯದೆ ಉಳಿದ ಬ್ಯಾಕ್ಟೀರಿಯಾಗಳ ಜೀನೋಮನ್ನು ಓದಿ, ಮೂಲದೊಂದಿಗೆ ಹೋಲಿಸಿದರು. ರೋಗಾಣುವಿಗೆ ಶಕ್ತಿ ತಯಾರಿಸಿ ಕೊಡುವ ಯಂತ್ರದ ಒಂದು ಜೀನ್ ಬದಲಾಗಿತ್ತು. ಗುರಿ ಸಿಕ್ಕಿತು! ನಮ್ಮ ಜೀವಕೋಶಗಳಲ್ಲಿಯೂ ಇಂತಹುದೇ ಯಂತ್ರವಿದ್ದರೂ ಅದರ ಮೇಲೆ ಈ ಔಷಧಿಯ ಪ್ರಭಾವ ತೀರಾ ಕಡಿಮೆ. 2005ರಲ್ಲಿ ಪ್ರಕಟವಾದ ಈ ಶೋಧದ ಫಲವೇ ಬೆಡಾಕ್ವಿಲಿನ್. 2012ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು. ಕ್ಷಯಕ್ಕೆ ಹೊಸ ಬಗೆಯ ಔಷಧಿಯೊಂದು ಬಂದದ್ದು 40 ವರ್ಷಗಳ ಬಳಿಕ! ಹಿಂದೆ ಔಷಧಿಗೆ ಬಗ್ಗದ ಕ್ಷಯಕ್ಕೆ ಒಂದೂವರೆ-ಎರಡು ವರ್ಷ ಚಿಕಿತ್ಸೆ ಬೇಕಿತ್ತು. ಈಗ ಬೆಡಾಕ್ವಿಲಿನ್ ಸೇರಿದ ಮಾತ್ರೆಗಳಿಂದ ಅನೇಕರು ಆರು ತಿಂಗಳಲ್ಲಿ ಗುಣವಾಗುತ್ತಿದ್ದಾರೆ.

ಆದರೆ ಬೆಡಾಕ್ವಿಲಿನ್‌ಗೂ ಬಗ್ಗದ ರೋಗಾಣುಗಳು ಈಗಾಗಲೇ ಕಾಣಿಸಿಕೊಂಡಿವೆ. ಕ್ಷಯ ರೋಗಿಗೆ ಒಂದೆರಡು ತಿಂಗಳಲ್ಲೇ ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ. "ಇನ್ನು ಮಾತ್ರೆ ಯಾಕೆ?" ಎಂಬ ಮಾತು ಹುಟ್ಟುವುದೇ ಆಗ. ಸಹೋದರಿಯರೇ, ವೈದ್ಯರು ಹೇಳಿದ ಕೊನೆಯ ದಿನದವರೆಗೂ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಗಳಿಸಿದ ಔಷಧಿ ಮುಂದೆ ನಮ್ಮ ಮಕ್ಕಳಿಗೂ ಉಪಯೋಗಕ್ಕೆ ಬರಬೇಕಲ್ಲವೇ?