ಯಕ್ಷಗಾನದ ವಿಡಿಯೋಗಳಲ್ಲಿ ದೃಶ್ಯಶೋಧ

ಕಲ್ಯಾಣದಿಂದ ಕಸಾರಾ ಮಾರ್ಗದಲ್ಲಿ ಶಹಾಡ, ಆಂಬಿವಲಿಗಳನ್ನು ದಾಟಿದರೆ ದೊರೆಯುವ ಟಿಟ್ವಾಳಾ, ಮಹಾಗಣಪತಿಯ ದೇವಾಲಯಕ್ಕೆ ಹೆಸರಾದ ಊರು. ಇಲ್ಲಿನ ಗಣಪತಿಯನ್ನು ಶಕುಂತಲೆಯೊಡನೆ ಜೋಡಿಸುವ ಐತಿಹ್ಯವುಂಟು. ಈ ರೈಲುದಾರಿಯ ಊರುಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳಿಗೆ ಯಕ್ಷಗಾನ ದೂರದ ಸಂಗತಿಯಲ್ಲ. ಪತ್ತನಾಜೆಯ ಬಳಿಕ ಮೇಳಗಳಿಗೆ ಬಿಡುವಾದಾಗ ಕಲಾವಿದರು ಮುಂಬಯಿ ಕಡೆಗೆ ಬಂದು ಆಟ ಆಡುವುದು ವಾಡಿಕೆ. ವಿಡಿಯೋ ಕ್ಯಾಸೆಟ್ಟು ಬಂದ ಮೇಲೆ ಆಟಗಳ ಚಿತ್ರೀಕರಣವೂ ಬಂತು. ಇಂತಹ ಒಂದು ಸುರುಳಿ ಟಿಟ್ವಾಳಾದ ಮನೆಯೊಂದರಲ್ಲಿದೆ ಎಂದು ಭಾವಿಸೋಣ. ಹೊದಿಕೆಯ ಮೇಲೆ ಪ್ರಸಂಗದ ಹೆಸರಷ್ಟೇ ಇದೆ. ಬಣ್ಣದ ವೇಷದ ಒಡ್ಡೋಲಗವನ್ನು ಮಾತ್ರ ನೋಡಬಯಸುವ ಸಂಶೋಧಕನು ಏನು ಮಾಡಬೇಕು?

ನಮ್ಮ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಎಂಟು ಗಂಟೆಗಳ ಆಟಕ್ಕೆ 7,20,000. ಪದಗಳ ಸೂಚಿಯಿಲ್ಲದೆ ಚಿತ್ರದ ಬಣ್ಣ, ಆಕಾರ, ಚಲನೆಗಳಿಂದಲೇ ಹುಡುಕುವ ಕ್ರಮವನ್ನು ಐಬಿಎಂ ಸಂಸ್ಥೆಯ ಕ್ಯೂಬಿಕ್ ವ್ಯವಸ್ಥೆ 1990ರ ದಶಕದಲ್ಲಿ ರೂಢಿಗೆ ತಂದಿತು. ಒಂದು ಮಾದರಿ ಚಿತ್ರವನ್ನು ಕೊಟ್ಟರೆ ಅದನ್ನು ಹೋಲುವವುಗಳನ್ನು ಅದು ಮುಂದಿಡುತ್ತಿತ್ತು. ವಿಡಿಯೋದಲ್ಲಿಯಾದರೆ ಮೊದಲು ದೃಶ್ಯಖಂಡಗಳನ್ನು ಬೇರ್ಪಡಿಸಬೇಕು. ಅಕ್ಕಪಕ್ಕದ ಎರಡು ಚಿತ್ರಗಳ ಬಣ್ಣಗಳ ಹಂಚಿಕೆ ಥಟ್ಟನೆ ಬದಲಾದಲ್ಲಿ ಖಂಡದ ಅಂಚು ಎಂದು ಗಣಕವು ತಿಳಿಯುತ್ತದೆ.

ಚಲನಚಿತ್ರಕ್ಕೆ ಒಪ್ಪುವ ಈ ಕ್ರಮ ಯಕ್ಷಗಾನಕ್ಕೆ ಒಪ್ಪದು. ಒಂದೇ ಕಡೆ ನಿಲ್ಲಿಸಿದ ಕ್ಯಾಮರಾದ ಮುಂದೆ ರಾತ್ರಿಯಿಡೀ ನಡೆಯುವ ಆಟದಲ್ಲಿ ಕತ್ತರಿ ಆಡುವುದೇ ಇಲ್ಲ; ದೃಶ್ಯ ಬದಲಾಗುವುದು ಪಾತ್ರದ ಪ್ರವೇಶ, ನಿರ್ಗಮನಗಳಿಂದ. ಆದರೆ ಒಡ್ಡೋಲಗಕ್ಕೆ ಒಂದು ಸ್ಪಷ್ಟ ಗುರುತಿದೆ: ಇಬ್ಬರು ಹಿಡಿಯುವ ತೆರೆ. ರಂಗದ ನಡುವೆ ಏಕವರ್ಣದ ಆಯತವೊಂದು ಮೂಡಿ, ಕೆಲಕಾಲ ನಿಂತು, ಮರೆಯಾದರೆ ಅದನ್ನು ಗಣಕವು ಸುಲಭವಾಗಿ ಹಿಡಿಯಬಲ್ಲದು. ಹುಡುಕಾಟವನ್ನು ಇಲ್ಲಿಂದಲೇ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ.

ವೇಷಗಳ ವಿಷಯ ಇಷ್ಟು ಸರಳವಲ್ಲ. ಬಡಗುತಿಟ್ಟಿನ ಕೇದಗೆ ಮುಂದಲೆಯನ್ನು ಅದರ ಆಕಾರದಿಂದ ಗುರುತಿಸಬಹುದು. ಆದರೆ ಅದನ್ನು ಕಟ್ಟಿದ ಎಳೆಯ ವೀರನು ಅಭಿಮನ್ಯುವೋ ಬಭ್ರುವಾಹನನೋ ಎಂಬುದನ್ನು ಆಕಾರ ಹೇಳದು. ಅದನ್ನು ಹೇಳುವುದು ಭಾಗವತರ ಪದ್ಯ ಮತ್ತು ಪಾತ್ರಧಾರಿಯ ಅರ್ಥ. ತೆಂಕುತಿಟ್ಟಿನ ಬಣ್ಣದ ವೇಷದ ಮುಖದಲ್ಲಿ ಇಡುವ ಚಿಟ್ಟಿಯೂ ಹಾಗೆಯೇ: ವಿಎಚ್‌ಎಸ್ ಸುರುಳಿಯಲ್ಲಿ ಉಳಿಯುವುದು ಅಡ್ಡಲಾಗಿ ಸುಮಾರು 240 ಗೆರೆಗಳ ವಿವರ ಮಾತ್ರ. ಕೆಂಪಂತೂ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ದುರದೃಷ್ಟವಶಾತ್ ನಮ್ಮ ರಂಗದಲ್ಲಿ ಕೆಂಪೇ ಹೆಚ್ಚು.

2021ರಲ್ಲಿ ಓಪನ್‌ಎಐ ಸಂಸ್ಥೆ ಪ್ರಕಟಿಸಿದ ಕ್ಲಿಪ್ ಮಾದರಿಯು ಚಿತ್ರ ಹಾಗೂ ಮಾತುಗಳನ್ನು ಒಂದೇ ಅಳತೆಗೆ ತಂದು, ವಾಕ್ಯದಿಂದಲೇ ಚಿತ್ರವನ್ನು ಹುಡುಕುವ ದಾರಿ ತೆರೆಯಿತು. ಅದು ಕಲಿತದ್ದು ಅಂತರಜಾಲದ ಚಿತ್ರಗಳಿಂದ ಮತ್ತು ಅವುಗಳ ಜೊತೆಗಿದ್ದ ಇಂಗ್ಲಿಷ್ ಬರಹದಿಂದ. ಹೀಗಾಗಿ ‘ಕಿರೀಟ ಧರಿಸಿದ ನರ್ತಕ’ ಎಂಬಷ್ಟನ್ನು ಅದರಿಂದ ನಿರೀಕ್ಷಿಸಬಹುದೇ ಹೊರತು ‘ಮುಂಡಾಸು ಕಟ್ಟಿದ ಕರ್ಣ’ ಎಂಬುದನ್ನಲ್ಲ. ವೇಷ, ಪಾತ್ರ, ಕಲಾವಿದ ಇವರ ಹೆಸರುಗಳನ್ನು ಹಿರಿಯ ಪ್ರೇಕ್ಷಕರಿಂದ ಕೇಳಿ ಸುರುಳಿಯ ಸಮಯದೊಡನೆ ಬರೆದಿಡುವ ಕೆಲಸ ಮೊದಲಾಗಬೇಕು. ಸುರುಳಿಯ ಕಾಂತಲೇಪವಾಗಲಿ ಆ ಪ್ರೇಕ್ಷಕರ ನೆನಪಾಗಲಿ ಹೆಚ್ಚು ಕಾಲ ಕಾಯಲಾರದು.