ಒಂದೂಕಾಲು ಇಂಚಿನ ಬೆಲೆ ಎಷ್ಟು?

ಅಮೆರಿಕದ ಕೋವಿ ಅಂಗಡಿಗಳಲ್ಲಿ ‘ಯೂತ್ ಮಾಡೆಲ್’ ಎಂದು ಮಾರುವ ರೈಫಲ್‌ಗೂ ದೊಡ್ಡವರ ರೈಫಲ್‌ಗೂ ಇರುವ ಮುಖ್ಯ ವ್ಯತ್ಯಾಸ ಒಂದೂಕಾಲು ಇಂಚು. ಟ್ರಿಗರ್‌ನಿಂದ ಭುಜಕ್ಕೆ ಆನಿಸುವ ತುದಿಯವರೆಗಿನ ಅಳತೆ ಮಕ್ಕಳದ್ದರಲ್ಲಿ ಸಾಮಾನ್ಯವಾಗಿ 12.5 ಇಂಚು, ದೊಡ್ಡವರದ್ದರಲ್ಲಿ 13.5ರಿಂದ 13.75. ನಳಿಗೆಯೂ 22 ಇಂಚಿನ ಬದಲು 18 ಅಥವಾ 20 ಇರುತ್ತದೆ, ತೂಕ ಅರ್ಧದಿಂದ ಒಂದು ಪೌಂಡ್ ಕಡಿಮೆ. ಒಳಗಿನ ಯಂತ್ರ ಅದೇ, ತೋಟಾ ಅದೇ, ಹಾರುವ ಗುಂಡೂ ಅದೇ. ಆದರೂ ಮಗನಿಗೆ 14 ತುಂಬಿ, ಅಂಗಿಯ ತೋಳು ಮಣಿಕಟ್ಟಿನಿಂದ ಮೇಲಕ್ಕೆ ಸರಿಯುತ್ತಿದ್ದ ಹಾಗೆ, ಜಿಂಕೆ ಶಿಕಾರಿಯ ಋತುವಿಗೆ ಹೊಸ ರೈಫಲ್ ಬೇಕು ಎಂಬ ಮಾತು ಮನೆಯಲ್ಲಿ ಏಳುತ್ತದೆ. ಲೆಕ್ಕ ಹಾಕಿ ನೋಡಿದರೆ ಬಹಳ ಮನೆಗಳಲ್ಲಿ ಬದಲಾಗಬೇಕಾದದ್ದು ಕೋವಿಯಲ್ಲ, ಅದರ ಹಿಡಿ.

ವಿಸ್ಕಾನ್ಸಿನ್ ರಾಜ್ಯವನ್ನೇ ಇಟ್ಟುಕೊಳ್ಳೋಣ. ಅಲ್ಲಿ ಬಿಳಿಬಾಲದ ಜಿಂಕೆಯ ಬಂದೂಕು ಶಿಕಾರಿ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ 9 ದಿನ ನಡೆಯುತ್ತದೆ. ಇದಕ್ಕೆ ಲೈಸೆನ್ಸ್ ಕೊಳ್ಳುವವರು ಐದೂವರೆ ಲಕ್ಷದ ಆಸುಪಾಸು. ರಾಜ್ಯದ ನಿವಾಸಿಗೆ ಲೈಸೆನ್ಸ್ 24 ಡಾಲರ್, 12ರಿಂದ 17ರ ಮಕ್ಕಳಿಗೆ 20. ಅಕ್ಟೋಬರ್‌ನಲ್ಲಿ 15 ಮತ್ತು ಅದಕ್ಕಿಂತ ಚಿಕ್ಕವರಿಗೆಂದೇ ಎರಡು ದಿನದ ಪ್ರತ್ಯೇಕ ಶಿಕಾರಿ ಉಂಟು. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಶಿಕಾರಿಯ ಸುರಕ್ಷತಾ ತರಗತಿ ಕಡ್ಡಾಯ. ಒಟ್ಟಿನಲ್ಲಿ ಸರ್ಕಾರಕ್ಕೆ ಕಟ್ಟುವ ಹಣ ಚಿಲ್ಲರೆ. ದುಡ್ಡು ನಿಜವಾಗಿ ಹೋಗುವುದು ಕೋವಿಗೆ, ಅದಕ್ಕಿಂತ ಹೆಚ್ಚಾಗಿ ತೋಟಾಕ್ಕೆ.

ಮಗು ಎಷ್ಟು ಬೆಳೆಯುತ್ತದೆ ಎಂಬುದೇ ಮೊದಲ ಅಂಕಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳ ವೈದ್ಯರಿಗೆ ಕೊಡುವ ಬೆಳವಣಿಗೆ ಪಟ್ಟಿಯಲ್ಲಿ ಮಧ್ಯಮ ಎತ್ತರದ ಹುಡುಗ 12ಕ್ಕೆ ಸುಮಾರು 149 ಸೆಂ.ಮೀ., 14ಕ್ಕೆ 164, 16ಕ್ಕೆ 173 ದಾಟುತ್ತಾನೆ. ಹುಡುಗಿಯ ಅಂಕಿ 151, 160, 162. ನಾಲ್ಕು ವರ್ಷದಲ್ಲಿ ಅವನು 24 ಸೆಂ.ಮೀ. ಬೆಳೆದರೆ ಇವಳು 11. ಅಂದಮೇಲೆ 12ರಲ್ಲಿ ಕೊಡಿಸಿದ ಯೂತ್ ಮಾಡೆಲ್ ಮಗನಿಗೆ 15ರ ಹೊತ್ತಿಗೆ ಗಿಡ್ಡವಾಗಿಯೇ ತೀರುತ್ತದೆ. ಮಗಳಿಗೆ ಅರ್ಧ ಇಂಚು ಸೇರಿಸಿಕೊಟ್ಟರೆ ಅದೇ ರೈಫಲ್ ಜೀವಮಾನಕ್ಕೂ ಸಾಕಾಗಬಹುದು. ಇಬ್ಬರಿಗೂ ಒಂದೇ ಮಾತು ಹೇಳುವ ಅಂಗಡಿಯವನ ಸಲಹೆಯನ್ನು ಅರ್ಧಕ್ಕೆ ಭಾಗಿಸಿ ಕೇಳುವುದು ಒಳ್ಳೆಯದು.

ಗಿಡ್ಡವಾಗಿದೆ ಎಂದು ತಿಳಿಯುವುದು ಹೇಗೆ? ಟ್ರಿಗರ್ ಮೇಲೆ ಬೆರಳಿಟ್ಟು ಹಿಡಿಯ ತುದಿ ಮೊಣಕೈ ಮಡಿಕೆಗೆ ತಾಗುತ್ತದೋ ನೋಡುವ ಹಳೆಯ ಪದ್ಧತಿಯೊಂದಿದೆ. ಅದು ಅಂದಾಜಿಗೆ ಸರಿ, ನೂರಾರು ಡಾಲರಿನ ತೀರ್ಮಾನಕ್ಕೆ ಸಾಲದು. ರೈಫಲ್ಲನ್ನು ಭುಜಕ್ಕೇರಿಸಿ, ಗಲ್ಲ ಹಿಡಿಗೆ ಒತ್ತಿ, ಸ್ಕೋಪಿನಲ್ಲಿ ಕಣ್ಣಿಟ್ಟಾಗ ಮೂಗಿನ ತುದಿಗೂ ಟ್ರಿಗರ್ ಕೈಯ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನ ಜಾಗ ಇರಬೇಕು. ಬೆಳೆದ ಹುಡುಗ ಗಿಡ್ಡ ಹಿಡಿಯ ಕೋವಿ ಎತ್ತಿದಾಗ ಮೂಗು ಹೆಬ್ಬೆರಳಿನ ಗಿಣ್ಣಿಗೇ ಹೋಗಿ ಕೂರುತ್ತದೆ, ಕುತ್ತಿಗೆ ಹಿಂದಕ್ಕೆ ಬಿಗಿಯುತ್ತದೆ. ಸ್ಕೋಪಿಗೂ ಕಣ್ಣಿಗೂ ಮೂರೂವರೆ ಇಂಚು ಬೇಕಾದ ಕಡೆ ಎರಡು ಉಳಿಯುತ್ತದೆ. ಈಡು ಹಾರಿದ ಕೂಡಲೇ ಸ್ಕೋಪಿನ ಲೋಹದ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುತ್ತದೆ. ಒಮ್ಮೆ ಹಾಗೆ ಹುಬ್ಬು ಒಡೆಸಿಕೊಂಡ ಹುಡುಗ ಮುಂದಿನ ಈಡಿಗೆ ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆಯುತ್ತಾನೆ. ಆ ಅಭ್ಯಾಸ ಬಿಡಿಸಲು ಹಿಡಿಯುವ ತೋಟಾದ ಖರ್ಚು ಹೊಸ ಹಿಡಿಯ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಂಗಡಿಗೆ ಹೋಗುವುದು ಬೇಸಿಗೆಯಲ್ಲಿ, ಟೀ ಶರ್ಟಿನಲ್ಲಿ. ಶಿಕಾರಿ ನಡೆಯುವುದು ಹಿಮ ಬಿದ್ದ ನವೆಂಬರ್ ಮುಂಜಾನೆ, ದಪ್ಪ ಕೋಟಿನ ಮೇಲೆ ಕಡ್ಡಾಯದ ಕಿತ್ತಳೆ ಜಾಕೆಟ್ ತೊಟ್ಟು (2016ರಿಂದ ಕಣ್ಣು ಕುಕ್ಕುವ ಗುಲಾಬಿ ಬಣ್ಣಕ್ಕೂ ಅಲ್ಲಿ ಅನುಮತಿ ಇದೆ). ಆ ಬಟ್ಟೆಯ ದಪ್ಪವೇ ಅರ್ಧ ಇಂಚು ತಿನ್ನುತ್ತದೆ. ಜುಲೈಯಲ್ಲಿ ಗಿಡ್ಡ ಅನ್ನಿಸಿದ ಹಿಡಿ ನವೆಂಬರಿನಲ್ಲಿ ಹದವಾಗಿರುತ್ತದೆ, ಜುಲೈಯಲ್ಲಿ ಹದ ಅನ್ನಿಸಿದ್ದು ನವೆಂಬರಿನಲ್ಲಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಕೋವಿ ಕೈಗೆ ಬಂದ ಯಾವ ಹುಡುಗನೂ “ಅಪ್ಪಾ, ಸರಿಯಾಗಿದೆ, ಇದೇ ಇರಲಿ” ಅನ್ನದೆ ಇರುವುದಿಲ್ಲ. “ಕೋಟು ಹಾಕ್ಕೊಂಡು ಎತ್ತು ನೋಡೋಣ ಮಗಾ” ಅನ್ನುವುದು ಅಪ್ಪನ ಕೆಲಸ.

ಈಗ ಆ ಒಂದೂಕಾಲು ಇಂಚಿನ ಬೆಲೆ. ಹಿಡಿಯ ತುದಿಗೆ ಕಾಲುಚೀಲದ ಹಾಗೆ ತೊಡಿಸುವ ರಬ್ಬರ್ ಪ್ಯಾಡ್ 20ರಿಂದ 35 ಡಾಲರಿಗೆ ಸಿಗುತ್ತದೆ, ಅದೊಂದೇ ಸುಮಾರು ಒಂದು ಇಂಚು ಕೂಡಿಸುತ್ತದೆ. ಕೆಲವು ಕಂಪನಿಗಳು ಯೂತ್ ಮಾಡೆಲ್ ಜೊತೆಗೇ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತವೆ. ಮಾಸ್‌ಬರ್ಗ್ ಕಂಪನಿಯ ಸೂಪರ್ ಬ್ಯಾಂಟಮ್ ಹಿಡಿ ಇದರಿಂದ 12ರಿಂದ 13 ಇಂಚಿಗೆ ಏರುತ್ತದೆ. ದೊಡ್ಡವರ ಅಳತೆಯ ಬದಲಿ ಹಿಡಿ ಬೇಕೆಂದರೆ ಪ್ಲಾಸ್ಟಿಕ್ಕಿನದು 100 ಡಾಲರಿನ ಸುತ್ತ, ಪದರ ಮರದ್ದು 150ರಿಂದ 250. ಎರಡು ಸ್ಕ್ರೂ ಬಿಚ್ಚಿ, ಯಂತ್ರವನ್ನೂ ನಳಿಗೆಯನ್ನೂ ಹೊಸ ಹಿಡಿಗೆ ಕೂರಿಸಿ, ಹೇಳಿದಷ್ಟು ಬಿಗಿ ಮಾಡಿ, ಗುರಿ ಮತ್ತೆ ಸರಿಪಡಿಸಿಕೊಂಡರೆ ಆಯಿತು. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ನಮ್ಮ ಅಮ್ಮಂದಿರು ಯೂನಿಫಾರ್ಮ್ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದರಲ್ಲ, ಅಂಥದೇ ಕೆಲಸ ಇದು.

ಎದುರಿಗೆ ಹೊಸ ಕೋವಿಯ ಲೆಕ್ಕ ಇಡೋಣ. ನಡುಮಟ್ಟದ ಬೋಲ್ಟ್ ರೈಫಲ್ 600 ಡಾಲರ್, ಸ್ಕೋಪ್ 200, ಅದನ್ನು ಕೂರಿಸುವ ಉಂಗುರ ಮತ್ತು ಪಟ್ಟಿ 40, ಗುರಿ ಹೊಂದಿಸಲು ಎರಡು ಡಬ್ಬಿ ತೋಟಾ 80. ಒಟ್ಟು 920. ವಿಸ್ಕಾನ್ಸಿನ್‌ನ ಬಹುತೇಕ ಕೌಂಟಿಗಳಲ್ಲಿ ಮಾರಾಟ ತೆರಿಗೆ ಶೇಕಡಾ 5.5, ಸೇರಿಸಿದರೆ 970 ದಾಟಿತು. ಹಳೆಯ ಯೂತ್ ಮಾಡೆಲನ್ನು 250ಕ್ಕೆ ಮಾರಿದರೂ ಕೈಯಿಂದ ಹೋದದ್ದು 720. ಹಳೆಯ ಸ್ಕೋಪನ್ನೇ ಹೊಸ ಕೋವಿಗೆ ಏರಿಸಿದರೆ 510ಕ್ಕೆ ಇಳಿಯುತ್ತದೆ. ಬದಲಿ ಹಿಡಿಗೂ ಇದಕ್ಕೂ ಎರಡರಿಂದ ಐದು ಪಟ್ಟು ಅಂತರ. ಕಾಣದ ಇನ್ನೊಂದು ತೆರಿಗೆಯೂ ಇದರೊಳಗೆ ಅಡಗಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ತಯಾರಕರು ಶೇಕಡಾ 11 ಸುಂಕ ಕಟ್ಟುತ್ತಾರೆ, ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇದು ಒಳ್ಳೆಯದಕ್ಕೆ ಹೋಗುವ ದುಡ್ಡು, ಗೊಣಗುವ ಅಗತ್ಯವಿಲ್ಲ.

ಹಾಗಾದರೆ ಹೊಸ ಕೋವಿಯ ಪರವಾಗಿ ಮಾತೇ ಇಲ್ಲವೇ? ಒಂದಿದೆ, ಅದು ತೂಕದ್ದು. ಹಗುರ ಕೋವಿ ಮಕ್ಕಳಿಗೆ ಹಿತ ಎಂದು ಎಲ್ಲರೂ ನಂಬುತ್ತಾರೆ. ಹೊರುವುದಕ್ಕೆ ಹಿತ, ಹೊಡೆಯುವುದಕ್ಕಲ್ಲ. ತೋಟಾ ಒಂದೇ ಆಗಿದ್ದರೆ ಕೋವಿಯ ತೂಕ ಇಳಿದಷ್ಟೂ ಅದರ ಒದೆತ ಏರುತ್ತದೆ. 7 ಎಂಎಂ-08 ರೆಮಿಂಗ್ಟನ್ ತೋಟಾ, 140 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 2,860 ಅಡಿ ವೇಗ: ಸ್ಕೋಪ್ ಸೇರಿ 8 ಪೌಂಡ್ ತೂಗುವ ಕೋವಿಯಲ್ಲಿ ಒದೆತ ಸುಮಾರು 13 ಅಡಿ-ಪೌಂಡ್. ಅದೇ ತೋಟಾವನ್ನು 7 ಪೌಂಡಿನ ಯೂತ್ ಮಾಡೆಲ್‌ನಲ್ಲಿ ಹೊಡೆದರೆ 15 ಮುಟ್ಟುತ್ತದೆ. 8 ಪೌಂಡಿನ ಕೋವಿಯಲ್ಲಿ .308 ವಿಂಚೆಸ್ಟರ್ ತೋಟಾ ಒದೆಯುವುದೂ ಅಷ್ಟೇ. ದೊಡ್ಡವರ ತೋಟಾದ ಪೆಟ್ಟನ್ನು ಮಗುವಿನ ಭುಜಕ್ಕೆ ಕೊಡುವುದು ಮಕ್ಕಳಿಗೆಂದೇ ಮಾಡಿದ ಹಗುರ ಕೋವಿ! ಆದ್ದರಿಂದ ಹೊಸದನ್ನು ಕೊಳ್ಳುವುದೇ ಆದರೆ 14ರ ಹುಡುಗನಿಗೆ ಇನ್ನೊಂದು ಹಗುರ ಕೋವಿ ಬೇಡ. ಒಂದು ಪೌಂಡ್ ಹೆಚ್ಚು ತೂಗಲಿ, ಹೊತ್ತು ನಡೆಯುವಷ್ಟು ಮೈ ಅವನಿಗೆ ಬಂದಿದೆ.

ಉಳಿದ ತೋಟಾಗಳ ಒದೆತವನ್ನೂ 8 ಪೌಂಡಿನ ಅದೇ ತಕ್ಕಡಿಯಲ್ಲಿ ನೋಡಬಹುದು. 1955ರ .243 ವಿಂಚೆಸ್ಟರ್ 100 ಗ್ರೇನ್ ಗುಂಡಿಗೆ 8ರಿಂದ 9 ಅಡಿ-ಪೌಂಡ್. ಮರದ ಸಂದಿಯ ಶಿಕಾರಿಗೆ ಇವತ್ತಿಗೂ ಚಾಲ್ತಿಯಲ್ಲಿರುವ 1895ರ .30-30ಗೆ 10ರ ಹತ್ತಿರ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್‌ಗೆ 12. 180 ಗ್ರೇನಿನ .30-06ಗೆ 20. ಕೊನೆಯದು ಅಜ್ಜನ ಕೋವಿ ಎಂಬ ಪ್ರೀತಿಗೆ ಹುಡುಗರ ಕೈಗೆ ಬರುತ್ತದೆ, ಎರಡು ಡಬ್ಬಿ ಖಾಲಿಯಾಗುವ ಮೊದಲೇ ಭುಜ ಅದನ್ನು ಬೇಡ ಅನ್ನುತ್ತದೆ.

.243 ಮಕ್ಕಳ ತೋಟಾ, ಮೀಸೆ ಮೂಡಿದವನಿಗೆ ಅದು ಸಾಲದು ಎಂಬ ಮಾತು ಬೇಟೆಗಾರರ ನಡುವೆ ಓಡಾಡುತ್ತಿರುತ್ತದೆ. ಅಂಕಿ ಬೇರೆ ಹೇಳುತ್ತದೆ. ಜಿಂಕೆಗೆ ಗುಂಡು ತಾಗುವಾಗ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು ಎಂಬುದು ಹಳೆಯ ರೂಢಿ. 100 ಗ್ರೇನಿನ .243 ಗುಂಡಿನಲ್ಲಿ 300 ಗಜ ದೂರದಲ್ಲೂ 1,089 ಉಳಿದಿರುತ್ತದೆ. ವಿಸ್ಕಾನ್ಸಿನ್‌ನ ಉತ್ತರದ ಕಾಡಿನಲ್ಲಿ ಮರಗಳ ನಡುವೆ 100 ಗಜ ದಾಟಿ ನೋಟ ಹರಿಯುವುದೇ ಅಪರೂಪ. ಗಂಡಸರ ತೋಟಾ ಅನ್ನಿಸಿಕೊಂಡ .30-30ರಲ್ಲಿ 200 ಗಜಕ್ಕೆ ಉಳಿಯುವುದು 858. ಗಿಡ್ಡ ನಳಿಗೆಯ ಚಿಂತೆಯೂ ಹೀಗೆಯೇ. ನಳಿಗೆ ಒಂದು ಇಂಚು ಕುಗ್ಗಿದರೆ ವೇಗ ಸೆಕೆಂಡಿಗೆ 25 ಅಡಿಯಷ್ಟು ಇಳಿಯುತ್ತದೆ. 24 ಇಂಚಿನಿಂದ 18ಕ್ಕೆ ಬಂದ 7 ಎಂಎಂ-08ರಲ್ಲಿ ನಳಿಗೆಯ ಬಾಯಲ್ಲಿನ ಶಕ್ತಿ 2,540ರಿಂದ 2,280ಕ್ಕೆ ಇಳಿದೀತು. ಹತ್ತರಲ್ಲಿ ಒಂದು ಪಾಲು ಹೋಯಿತು, ಜಿಂಕೆಗೆ ಅದು ಗೊತ್ತಾಗುವುದಿಲ್ಲ.

ತೋಟಾ ಬದಲಿಸಿದರೆ ಗೊತ್ತಾಗುವುದು ಜೇಬಿಗೆ. ವರ್ಷಕ್ಕೆ 60 ಈಡು ಎಂದು ಹಿಡಿಯೋಣ: ಗುರಿ ಹೊಂದಿಸಲು ಹತ್ತು, ಅಭ್ಯಾಸಕ್ಕೆ ನಲವತ್ತೆಂಟು, ಕಾಡಿಗೆ ಒಂದೆರಡು. 20ರ ಡಬ್ಬಿಯಲ್ಲಿ ಮೂರು. ಸಾದಾ ಗುಂಡಿನ .308 ಡಬ್ಬಿ ಸುಮಾರು 30 ಡಾಲರ್, .243 ಸುಮಾರು 35, 7 ಎಂಎಂ-08 ಸುಮಾರು 42. 14ರಿಂದ 22ರವರೆಗಿನ ಎಂಟು ವರ್ಷಕ್ಕೆ 24 ಡಬ್ಬಿ. .308ಕ್ಕೆ 720, .243ಕ್ಕೆ 840, 7 ಎಂಎಂ-08ಕ್ಕೆ 1,008. ಸೀಸದ ಬದಲು ತಾಮ್ರದ ಗುಂಡು ಬೇಕೆಂದರೆ ಡಬ್ಬಿಗೆ 45ರಿಂದ 60, ಆಗ ಮೊತ್ತ ಇನ್ನೂ ಮೇಲೆ. ಕೋವಿಯ ಬೆಲೆಯನ್ನು ತೋಟಾದ ಬೆಲೆ ಹಿಂದಿಕ್ಕುವುದು ಹೀಗೆ. ಶಿಕಾರಿ ಮನೆಗಳಲ್ಲಿ 7 ಎಂಎಂ-08ಕ್ಕೆ ತುಂಬ ಮೆಚ್ಚುಗೆ ಇದೆ, ಅದು ಒಳ್ಳೆಯ ತೋಟಾವೂ ಹೌದು. ಆದರೆ ಮನೆಯಲ್ಲಿ .243 ಇಲ್ಲದೆ ಹೊಸದಾಗಿ ಕೊಳ್ಳುವವರಿಗೆ ನನ್ನ ಮತ .308ಕ್ಕೆ. ಒದೆತ ಹೆಚ್ಚಲ್ಲವೇ ಎಂದರೆ, 125 ಗ್ರೇನಿನ ಕಡಿಮೆ ಮದ್ದಿನ ತೋಟಾ ಸಿಗುತ್ತದೆ, ಅದರ ಒದೆತ ಹತ್ತರೊಳಗೆ. ಎರಡು ವರ್ಷ ಅದನ್ನು ಹೊಡೆದು, ಮೈ ತುಂಬಿದ ಮೇಲೆ ಅದೇ ಕೋವಿಯಲ್ಲಿ ಪೂರ್ತಿ ತೋಟಾಕ್ಕೆ ಬರಬಹುದು. ಮನೆಯಲ್ಲಿ .243 ಇದ್ದರೆ ಅದನ್ನು ಬಿಡುವ ಕಾರಣ ನನಗೆ ಕಾಣುವುದಿಲ್ಲ.

ಉಳಿದ ದುಡ್ಡಿಗೆ ಮಾಡಬಹುದಾದ ಒಳ್ಳೆಯ ಖರ್ಚೊಂದಿದೆ: ದೊಡ್ಡವರ ಅಳತೆಯ ಹಳೆಯ .22 ರೈಫಲ್. ಸೆಕೆಂಡ್ ಹ್ಯಾಂಡ್ 150ರಿಂದ 250 ಡಾಲರ್. ತೋಟಾ ಒಂದಕ್ಕೆ 8 ಸೆಂಟ್, 500 ಈಡಿಗೆ 40 ಡಾಲರ್. ಅಷ್ಟೇ 500 ಈಡನ್ನು 7 ಎಂಎಂ-08ರಲ್ಲಿ ಹೊಡೆದರೆ 1,000 ದಾಟುತ್ತದೆ. ಉಸಿರು ಹಿಡಿಯುವುದು, ಟ್ರಿಗರ್ ಒತ್ತುವುದು ಎರಡರಲ್ಲೂ ಒಂದೇ ಪಾಠ.

ಅಮೆರಿಕದಲ್ಲಿರುವ ಕನ್ನಡಿಗ ಮನೆಗಳು ಬೆಲೆಗಿಂತ ಮೊದಲು ಕಾಗದ ನೋಡಬೇಕು. ಒಕ್ಕೂಟದ ಕಾನೂನಿನ ಪ್ರಕಾರ ಅಂಗಡಿಯವನು 18 ತುಂಬದವರಿಗೆ ರೈಫಲ್ ಮಾರುವಂತಿಲ್ಲ. ಅಪ್ಪನೋ ಅಮ್ಮನೋ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ದಾಟಿ, ತಮ್ಮ ದುಡ್ಡಿನಲ್ಲಿ ಕೊಂಡು ಉಡುಗೊರೆಯಾಗಿ ಕೊಡಬಹುದು. ಆದರೆ ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರಿಗೆ ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದೇ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿಯ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅಲ್ಲೇ ಹುಟ್ಟಿದ ಮಗ ಪೌರ, ಅಪ್ಪ ಎಚ್-1ಬಿ ಎಂಬ ಮನೆಗಳಲ್ಲಿ 24 ಡಾಲರಿನ ಆ ಲೈಸೆನ್ಸಿನ ಅವಧಿ ಮುಗಿದ ದಿನ ಗೂಡಿನಲ್ಲಿರುವ ಕೋವಿಯೇ ಅಪರಾಧವಾಗುತ್ತದೆ. ಬೀಗದ ಕಬ್ಬಿಣದ ಕಪಾಟಿಗೆ 150ರಿಂದ 200 ಡಾಲರ್ ಬೇರೆ ಎತ್ತಿಡಬೇಕು. ಊರಿನಲ್ಲಿ ಓದುತ್ತಿರುವವರಿಗೆ ಈ ಲೆಕ್ಕದ ಉಪಯೋಗವಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ ಶಿಕಾರಿ ಜೈಲಿನ ದಾರಿ, ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವ ಕೊಡಗಿನಲ್ಲೂ.

ಹಳೆಯ ಕೋವಿ ಕೊಳ್ಳುವವರು ಶಿಕಾರಿಯ ಋತು ಮುಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಅಂಗಡಿ ಹೊಕ್ಕರೆ ಆಯ್ಕೆ ಹೆಚ್ಚು, ಚೌಕಾಸಿಗೆ ಜಾಗವೂ ಹೆಚ್ಚು. ಯೂತ್ ಮಾಡೆಲ್ ಕೈಗೆತ್ತಿಕೊಂಡಾಗ ಸ್ಪೇಸರ್ ಬಿಲ್ಲೆ ಇದೆಯೇ, ಅದಕ್ಕೆ ಬೇಕಾದ ಉದ್ದನೆಯ ಎರಡು ಸ್ಕ್ರೂ ಇವೆಯೇ ಎಂದು ಕೇಳಬೇಕು. ಮೊದಲ ಯಜಮಾನ ಅವನ್ನು ಡಬ್ಬಿಯೊಳಗೇ ಮರೆತು ಡಬ್ಬಿ ಎಸೆದಿರುವುದು ಸಾಮಾನ್ಯ. ಇಲ್ಲವೆಂದರೆ ಬೆಲೆಯಲ್ಲಿ 20 ಡಾಲರ್ ಇಳಿಸಿ ಅನ್ನಲು ಅಡ್ಡಿಯಿಲ್ಲ.