ಅರಿವಳಿಕೆ ಕೊಡುವ ನರ್ಸಿಗೆ ವಿಮೆ ಯಾಕೆ?

ನಮ್ಮ ಸಂಘಗಳಲ್ಲಿ ಮಗಳನ್ನೋ ತಂಗಿಯನ್ನೋ ನರ್ಸಿಂಗ್ ಓದಿಸಿದವರು ಬಹಳ ಮಂದಿ ಇದ್ದೀರಿ. ಕೆಲವರ ಮಕ್ಕಳು ಗಲ್ಫಿಗೆ ಹೋಗಿದ್ದಾರೆ, ಕೆಲವರ ಮಕ್ಕಳು ಅಮೆರಿಕಕ್ಕೆ. ಅಮೆರಿಕದಲ್ಲಿ ನರ್ಸಾದವರು ಮುಂದೆ ಓದಿ ಏರಬಹುದಾದ ಒಂದು ದೊಡ್ಡ ಕೆಲಸ ಉಂಟು. ಆಪರೇಷನ್ ಹೊತ್ತಿಗೆ ರೋಗಿಗೆ ಅರಿವಳಿಕೆ ಕೊಡುವುದು. ಇಂಥ ನರ್ಸುಗಳನ್ನು ಅಲ್ಲಿ ಸಿ.ಆರ್.ಎನ್.ಎ. ಅಂತ ಕರೆಯುತ್ತಾರೆ. ಸಂಬಳ ಒಳ್ಳೆಯದು, ಗೌರವವೂ ಇದೆ. ಆದರೆ ಆ ಕೆಲಸದ ಬೆನ್ನಿಗೇ ಬರುವ ಹೊಣೆ ವಿಮೆಯ ವಿಷಯ ಮನೆಯವರಿಗೆ ಗೊತ್ತಿರುವುದು ಕಡಿಮೆ.

ನಮ್ಮ ದೇಶದಲ್ಲಿ ಅರಿವಳಿಕೆ ಕೊಡುವವರು ಅದಕ್ಕಾಗಿಯೇ ಓದಿದ ಡಾಕ್ಟರರು. ಅಮೆರಿಕದಲ್ಲಿ ಈ ಕೆಲಸವನ್ನು ನರ್ಸುಗಳು ಮಾಡುವುದು ಹೊಸದೇನಲ್ಲ. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಊರಿನ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಧರ್ಮಭಗಿನಿ ಈ ಕೆಲಸ ವಹಿಸಿಕೊಂಡರು. ಅಲ್ಲಿನ ಇತಿಹಾಸ ಬರೆಯುವವರು ಇದನ್ನೇ ಮೊದಲು ಅಂತ ಹೇಳುತ್ತಾರೆ. 1931ರಲ್ಲಿ ಈ ನರ್ಸುಗಳು ತಮ್ಮದೇ ಸಂಘ ಕಟ್ಟಿಕೊಂಡರು. ಈಗ ಈ ಕೋರ್ಸಿಗೆ ಸೇರಬೇಕಾದರೆ ಕನಿಷ್ಠ ಒಂದು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದಿರಬೇಕು. 2022ರಿಂದ ಹೊಸದಾಗಿ ಸೇರುವವರು ಡಾಕ್ಟರೇಟ್ ಮಟ್ಟದವರೆಗೆ ಓದಲೇಬೇಕು.

ವಿಮೆ ಎಂದ ಕೂಡಲೇ ನಮಗೆ ನೆನಪಾಗುವುದು ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ನಾವು ಸತ್ತರೆ ನಮ್ಮ ಮನೆಯವರಿಗೆ 2 ಲಕ್ಷ ರೂಪಾಯಿ. ವೃತ್ತಿ ಹೊಣೆ ವಿಮೆ ಇದಕ್ಕೆ ತಿರುಗುಮುರುಗು. ನಮ್ಮ ಕೆಲಸದಲ್ಲಿ ಆದ ಲೋಪದಿಂದ ಬೇರೆಯವರಿಗೆ ಹಾನಿಯಾದರೆ, ಅವರಿಗೆ ಕೊಡಬೇಕಾದ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ವಕೀಲರ ಖರ್ಚನ್ನೂ ನೋಡಿಕೊಳ್ಳುತ್ತದೆ. ಅರಿವಳಿಕೆಯ ಕೆಲಸದಲ್ಲಿ ಇದು ಯಾಕೆ ಅಷ್ಟು ದೊಡ್ಡ ವಿಷಯ? ಉಸಿರಾಟದ ನಳಿಗೆ ಶ್ವಾಸನಾಳಕ್ಕೆ ಹೋಗುವ ಬದಲು ಅನ್ನನಾಳಕ್ಕೆ ಹೋಗಿ, ಅದು ಗೊತ್ತಾಗದೇ ಹೋದರೆ, ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ. ನಡೆದುಕೊಂಡು ಬಂದ ರೋಗಿ ಜೀವನವಿಡೀ ಹಾಸಿಗೆ ಹಿಡಿಯಬಹುದು. ಆ ಕುಟುಂಬಕ್ಕೆ ಪರಿಹಾರ ಸಿಗುವುದು ನ್ಯಾಯ. ಆದರೆ ಆ ಹಣ ಒಬ್ಬ ನರ್ಸಿನ ಸಂಬಳದಿಂದ ಹುಟ್ಟುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಣುವ ಪಾಲಿಸಿಗಳಲ್ಲಿ ಒಂದು ದಾವೆಗೆ 10 ಲಕ್ಷ ಡಾಲರ್, ಇಡೀ ವರ್ಷಕ್ಕೆ 30 ಲಕ್ಷ ಡಾಲರ್ ಎಂಬ ಮಿತಿ ಇರುತ್ತದೆ.

ಮುಂದಿನ ಮಾತು ಸ್ವಲ್ಪ ನಿಧಾನವಾಗಿ ಓದಿ. ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲೇ.

ಈ ಪಾಲಿಸಿಗಳಲ್ಲಿ ಎರಡು ಬಗೆ. ಮೊದಲನೆಯದು ‘ಅಕರೆನ್ಸ್’. ಘಟನೆ ನಡೆದ ದಿನ ಪಾಲಿಸಿ ಜಾರಿಯಲ್ಲಿದ್ದರೆ ಸಾಕು, ದಾವೆ ಎಷ್ಟು ವರ್ಷ ಬಿಟ್ಟು ಬಂದರೂ ರಕ್ಷಣೆ ಉಂಟು. ಎರಡನೆಯದು ‘ಕ್ಲೇಮ್ಸ್ ಮೇಡ್’. ಇದರಲ್ಲಿ ದಾವೆ ಬಂದ ದಿನವೂ ಪಾಲಿಸಿ ಜಾರಿಯಲ್ಲಿರಬೇಕು. ಮೊದಲ ವರ್ಷ ಇದರ ಪ್ರೀಮಿಯಂ ಕಡಿಮೆ, ಆಮೇಲೆ ವರ್ಷ ವರ್ಷ ಏರುತ್ತದೆ. ಅಗ್ಗ ಅಂತ ತೆಗೆದುಕೊಳ್ಳುವವರೂ ಇದ್ದಾರೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಮಗಳು ಒಂದು ಆಸ್ಪತ್ರೆಯಲ್ಲಿ 2023ರ ಮಾರ್ಚಿನಲ್ಲಿ ಒಬ್ಬರಿಗೆ ಅರಿವಳಿಕೆ ಕೊಟ್ಟಳು ಅಂತಿಟ್ಟುಕೊಳ್ಳಿ. 2024ರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದಳು, ಹಳೇ ಕೆಲಸ ಬಿಟ್ಟಳು, ಆ ಕೆಲಸದ ಪಾಲಿಸಿಯೂ ನಿಂತಿತು. 2025ರ ಜನವರಿಯಲ್ಲಿ ಆ ರೋಗಿಯ ಕಡೆಯವರು ಕೋರ್ಟಿಗೆ ಹೋದರು. ಪಾಲಿಸಿ ಮೊದಲನೇ ಬಗೆಯದಾದರೆ ಚಿಂತೆ ಕಡಿಮೆ. ಎರಡನೆಯದಾದರೆ ಅವಳ ಹಿಂದೆ ಯಾರೂ ಇಲ್ಲ. ಪ್ರೀಮಿಯಂ ಸರಿಯಾಗಿ ಕಟ್ಟಿದ್ದಳು, ಆದರೂ ಕೈ ಖಾಲಿ.

ಇದಕ್ಕೆ ಪರಿಹಾರ ‘ಟೇಲ್’ ಎಂಬ ಹೆಚ್ಚಿನ ರಕ್ಷಣೆ. ಟೇಲ್ ಅಂದರೆ ಬಾಲ. ಕೆಲಸ ಬಿಟ್ಟ ಮೇಲೆ ಬರುವ ದಾವೆಗಳಿಗೂ ಹಳೇ ಪಾಲಿಸಿಯನ್ನು ಬಾಲದ ಹಾಗೆ ಉದ್ದ ಮಾಡುವುದು. ಇದು ದುಬಾರಿ, ಹಲವು ಬಾರಿ ಒಂದು ವರ್ಷದ ಪ್ರೀಮಿಯಂಗಿಂತಲೂ ಹೆಚ್ಚು, ಅದೂ ಒಂದೇ ಸಲ ಕಟ್ಟಬೇಕು. ಇಲ್ಲವಾದರೆ ಹೊಸ ವಿಮಾ ಕಂಪನಿ ಹಿಂದಿನ ಕೆಲಸದ ಹೊಣೆಯನ್ನೂ ಒಪ್ಪಿಕೊಳ್ಳಬೇಕು. ಹಾಗಾಗಿ ಕೆಲಸಕ್ಕೆ ಸೇರುವ ದಿನವೇ, ‘ನಾನು ಬಿಟ್ಟು ಹೋಗುವಾಗ ಟೇಲ್ ಹಣ ಕಟ್ಟುವವರು ಯಾರು?’ ಅಂತ ಕೇಳಿ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಕೆಲಸ ಸಿಕ್ಕಿದ ಖುಷಿಯಲ್ಲಿ ಸಂಬಳದ ಸಾಲನ್ನು ಮಾತ್ರ ನೋಡಿ ಸಹಿ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

‘ಆಸ್ಪತ್ರೆಯವರೇ ವಿಮೆ ಮಾಡಿಸಿದ್ದಾರಲ್ಲ’ ಅಂತ ಕೆಲವರು ಹೇಳಬಹುದು. ನಿಜ, ಸಂಬಳಕ್ಕೆ ಇರುವ ಹೆಚ್ಚಿನವರಿಗೆ ಆಸ್ಪತ್ರೆಯ ವಿಮೆ ಇರುತ್ತದೆ. ಆದರೆ ಅದರ ಮಿತಿಯನ್ನು ಎಲ್ಲರೂ ಹಂಚಿಕೊಳ್ಳಬೇಕಾಗಬಹುದು. ಸ್ವತಂತ್ರ ಗುತ್ತಿಗೆಯಲ್ಲಿ ದುಡಿಯುವವರಿಗೆ ಆ ರಕ್ಷಣೆ ಇದ್ದೇ ಇರುತ್ತದೆ ಅಂತ ಹೇಳಲಾಗದು. ಇನ್ನೊಂದು ಸೂಕ್ಷ್ಮ ಉಂಟು. ದಾವೆಯನ್ನು ರಾಜಿಯಲ್ಲಿ ಮುಗಿಸುವ ಮೊದಲು ನರ್ಸಿನ ಒಪ್ಪಿಗೆ ಬೇಕು ಅಂತ ಪಾಲಿಸಿಯಲ್ಲಿ ಬರೆದಿದೆಯೇ, ನೋಡಬೇಕು. ಯಾಕೆಂದರೆ ಅವಳ ಹೆಸರಿನಲ್ಲಿ ಪರಿಹಾರ ಕೊಟ್ಟರೆ ಅದು 1990ರಲ್ಲಿ ಶುರುವಾದ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಮುಂದೆ ಕೆಲಸ ಕೊಡುವ ಆಸ್ಪತ್ರೆಗಳು ಅದನ್ನು ತೆರೆದು ನೋಡುತ್ತವೆ. ತಪ್ಪು ಅವಳದಲ್ಲದಿದ್ದರೂ, ಕಂಪನಿ ಖರ್ಚು ಉಳಿಸಲು ರಾಜಿಯಾದರೆ ಕಲೆ ಅವಳ ಹೆಸರಿಗೆ.

ಇಲ್ಲೇ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳಿಗೂ ಇದು ದೂರದ ಮಾತಲ್ಲ. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 1998ರಲ್ಲಿ ಇನ್ನೊಂದು ತೀರ್ಪು ಬಂತು. ಉತ್ತರ ಭಾರತದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೊಟ್ಟ ಇಂಜೆಕ್ಷನಿನಿಂದ ಒಂದು ಮಗುವಿನ ಹೃದಯ ನಿಂತು, ಮೆದುಳು ಕೆಟ್ಟುಹೋಗಿತ್ತು. ನರ್ಸಿನ ಲೋಪಕ್ಕೆ ಆಸ್ಪತ್ರೆಯೂ ಹೊಣೆ ಅಂತ ಕೋರ್ಟು ಹೇಳಿತು. ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರ ಖಾಯಂ ಆಯಿತು. ನಮ್ಮಲ್ಲಿ ಸಿಗುವ ವೃತ್ತಿ ಹೊಣೆ ಪಾಲಿಸಿಗಳೂ ಸಾಮಾನ್ಯವಾಗಿ ಎರಡನೇ ಬಗೆಯವೇ. ನಡುವೆ ನವೀಕರಣ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೂ ಹೋಗಬಹುದು.

ನಮ್ಮ ಸಂಘದಲ್ಲಿ ನಿರ್ಣಯ ಪುಸ್ತಕ ಬರೆಯದಿದ್ದರೆ ಸಭೆ ನಡೆದ ಹಾಗೆ ಆಗುವುದಿಲ್ಲ, ಅಲ್ಲವೇ? ಕೋರ್ಟಿನಲ್ಲೂ ಹಾಗೆಯೇ. ಯಾವ ಮದ್ದು, ಎಷ್ಟು ಹೊತ್ತಿಗೆ, ರಕ್ತದ ಒತ್ತಡ ಎಷ್ಟಿತ್ತು ಅಂತ ಆಗಲೇ ಬರೆದಿಟ್ಟದ್ದೇ ನರ್ಸಿಗೆ ಸಾಕ್ಷಿ. ಪಾಲಿಸಿಯ ಕಾಗದಗಳನ್ನೂ ಕೆಲಸ ಬಿಟ್ಟ ಮೇಲೆ ಬಿಸಾಡಬಾರದು. ಅಮೆರಿಕದಲ್ಲಿ ದಾವೆ ಹೂಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ಅವಕಾಶ, ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಉಂಟು. ರೋಗಿ ಮಗುವಾಗಿದ್ದರೆ ಹಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಮಗಳು ರಜೆಯಲ್ಲಿ ಬಂದಾಗ ಒಂದು ಪ್ರತಿ ಊರಿನ ಮನೆಯಲ್ಲೂ ಇಟ್ಟುಹೋಗಲಿ.